ಕೇಸ್ ಬಿದ್ದೋದ್ರೂ, ಆರೋಪಿ ಸಿಗದೇ ಇದ್ರೂ ಪರಿಹಾರ ಕೇಳಬಹುದು: ಅಪರಾಧದಿಂದ ನೊಂದವರಿಗೆ ಸರ್ಕಾರ ಕೊಡೋ ದುಡ್ಡಿನ ವಿಚಾರ

ಹೋದ ತಿಂಗಳು ಪರಿಚಯದ ಹೆಣ್ಮಗಳೊಬ್ಬಳು ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಮನೆಗೆ ಬಂದಿದ್ಲು. ಕವರ್ ಒಳಗೆ ಎಫ್‌ಐಆರ್ ಜೆರಾಕ್ಸು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಸ್ಟೋರ್ ಬಿಲ್ಲುಗಳು, ಅದರಲ್ಲಿ ಅರ್ಧಕ್ಕರ್ಧ ಅಕ್ಷರ ಮಾಸಿಹೋಗಿತ್ತು, ಎಲ್ಲದರ ಮೇಲೆ ಹೊಸದಾಗಿ ಬಂದಿದ್ದ ಒಂದು ಪೊಲೀಸ್ ನೋಟಿಸು. ಅವಳ ಗಂಡ ವೆಲ್ಡಿಂಗ್ ಕೆಲಸ ಮಾಡೋನು. ರಾತ್ರಿ ಕೆಲಸ ಮುಗಿಸಿ ಬರುವಾಗ ಬೈಕಲ್ಲಿ ಬಂದ ಇಬ್ಬರು ಫೋನ್ ಕಿತ್ಕೊಳ್ಳೋಕೆ ನೋಡಿದಾರೆ, ಇವನು ಬಿಟ್ಟಿಲ್ಲ, ಮಚ್ಚಲ್ಲಿ ಕೈಗೆ ಹೊಡೆದು ಹೋಗಿದಾರೆ. ಬಲಗೈಯ ಎರಡು ಬೆರಳು ಈಗ ಮಡಚೋಕೆ ಬರಲ್ಲ, ವೆಲ್ಡಿಂಗ್ ಹೋಲ್ಡರ್ ಹಿಡಿಯೋಕಾಗಲ್ಲ.

ನೋಟಿಸಲ್ಲಿ ಇದ್ದಿದ್ದು ಇಷ್ಟೇ, ಆರೋಪಿಗಳು ಪತ್ತೆಯಾಗಿಲ್ಲ, ಕೋರ್ಟಿಗೆ 'ಸಿ' ರಿಪೋರ್ಟ್ ಹಾಕ್ತಿದೀವಿ ಅಂತ. "ಕೇಸೇ ಮುಗಿದೋಯ್ತಲ್ಲ ಅಕ್ಕಾ, ಇನ್ನು ಯಾರ ಹತ್ರ ಹೋಗಿ ದುಡ್ಡು ಕೇಳೋದು?" ಅಂದ್ಲು. ಪ್ರಶ್ನೆ ಸರಿಯಾಗೇ ಇದೆ, ಹೊಡೆದೋನೇ ಸಿಕ್ಕಿಲ್ಲ ಅಂದ್ಮೇಲೆ ದುಡ್ಡು ಕೊಡೋರು ಯಾರು ಅಂತ ಯಾರಿಗಾದ್ರೂ ಅನಿಸತ್ತೆ. ಆದ್ರೆ ಇದಕ್ಕೆ ಕಾನೂನಲ್ಲಿ ಉತ್ತರ ಇದೆ, ಹದಿನೈದು ವರ್ಷದ ಮೇಲಾಯ್ತು ಅದು ಬಂದು. ಅವಳಿಗೆ ಸ್ಟೇಷನ್ನಲ್ಲೂ ಆಸ್ಪತ್ರೆಯಲ್ಲೂ ಒಬ್ಬರೂ ಒಂದು ಮಾತು ಹೇಳಿರಲಿಲ್ಲ. ಅದಕ್ಕೇ ಬುಡದಿಂದ ಬರೀತಿದೀನಿ.

ಮೊದಲು 'ಸಂತ್ರಸ್ತ' ಅಂದ್ರೆ ಯಾರು

ಪೇಪರಲ್ಲಿ, ಸರ್ಕಾರಿ ಆದೇಶದಲ್ಲಿ 'ಸಂತ್ರಸ್ತರು' ಅಂತ ಬರ್ತಿರತ್ತೆ. ಕಾನೂನಿನ ಪ್ರಕಾರ ಆರೋಪಿ ಮಾಡಿದ ಕೆಲಸದಿಂದ, ಅಥವಾ ಮಾಡಬೇಕಾಗಿದ್ದನ್ನ ಮಾಡದೇ ಬಿಟ್ಟಿದ್ದರಿಂದ, ನಷ್ಟ ಅಥವಾ ಗಾಯ ಆದ ವ್ಯಕ್ತಿ ಸಂತ್ರಸ್ತ. ಆ ವ್ಯಕ್ತಿಯ ಪೋಷಕರು ಮತ್ತು ಕಾನೂನುಬದ್ಧ ವಾರಸುದಾರರೂ ಇದರಲ್ಲೇ ಸೇರ್ತಾರೆ. ಹಾಗಾಗಿ ಕೊಲೆಯಾದ್ರೆ ಹೆಂಡತಿ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಕೇಳಬಹುದು, ಚಿಕ್ಕ ಮಗುವಿನ ಪರವಾಗಿ ತಾಯಿ ಕೇಳಬಹುದು. ಪರಿಹಾರದ ಸೆಕ್ಷನ್ನಲ್ಲಿ 'ಅವಲಂಬಿತರು' ಅಂತ ಇನ್ನೊಂದು ಪದ ಬರತ್ತೆ, ಅಂದ್ರೆ ಸತ್ತವರ ದುಡಿಮೆ ನಂಬ್ಕೊಂಡು ಬದುಕ್ತಿದ್ದವರು.

ಇಲ್ಲಿ 'ಗಾಯ' ಅಂದ್ರೆ ರಕ್ತ ಬಂದಿದ್ದು ಮಾತ್ರ ಅಲ್ಲ. ಮನಸ್ಸಿಗೆ ಆದ ಆಘಾತವೂ ಲೆಕ್ಕಕ್ಕೆ ಬರತ್ತೆ. ಪುನರ್ವಸತಿ ಬೇಕಾಗೋ ಮಟ್ಟದ ಮಾನಸಿಕ ಹಾನಿಗೂ ಪರಿಹಾರ ಅಂತ ಪರಿಹಾರ ಯೋಜನೆಯ ಪಟ್ಟಿಯಲ್ಲೇ ಇದೆ.

ಎರಡು ದುಡ್ಡು, ಎರಡು ದಾರಿ

ಜನ ಹೆಚ್ಚಾಗಿ ಗೊಂದಲ ಮಾಡ್ಕೊಳ್ಳೋದು ಇಲ್ಲೇ, ಅದಕ್ಕೆ ಇದನ್ನ ಸ್ವಲ್ಪ ನಿಧಾನವಾಗಿ ಓದಿ.

ಒಂದು ದುಡ್ಡು ಅಪರಾಧಿ ಜೇಬಿಂದ ಬರೋದು. ಕೋರ್ಟ್ ಅವನಿಗೆ ಶಿಕ್ಷೆ ಕೊಡುವಾಗ ದಂಡ ಹಾಕಿ, ಆ ದಂಡದಲ್ಲಿ ಇಷ್ಟನ್ನ ನೊಂದವರಿಗೆ ಕೊಡಿ ಅನ್ನಬಹುದು, ಇಲ್ಲಾ ದಂಡ ಹಾಕದೇ ಇದ್ರೂ ನೇರವಾಗಿ ಪರಿಹಾರ ಕೊಡು ಅಂತ ಅವನಿಗೆ ಹೇಳಬಹುದು. ಹಳೇ ಸಿಆರ್‌ಪಿಸಿಯಲ್ಲಿ, ಅಂದ್ರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳ್ತಿದ್ದ ಕಾಯ್ದೆಯಲ್ಲಿ ಇದು ಸೆಕ್ಷನ್ 357, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದ್ರೆ ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 395. ಕಷ್ಟ ಏನಪ್ಪಾ ಅಂದ್ರೆ ಈ ದುಡ್ಡು ಬರಬೇಕು ಅಂದ್ರೆ ಆರೋಪಿ ಸಿಗಬೇಕು, ಚಾರ್ಜ್‌ಶೀಟ್ ಆಗಬೇಕು, ಸಾಕ್ಷಿಗಳು ಉಲ್ಟಾ ಹೊಡೀಬಾರದು, ಶಿಕ್ಷೆ ಆಗಬೇಕು, ಇಷ್ಟೆಲ್ಲಾ ಆದ್ಮೇಲೆ ಅವನ ಹತ್ರ ಕೊಡೋಕೆ ದುಡ್ಡೂ ಇರಬೇಕು, ಮತ್ತೆ ಅವನು ಅಪೀಲು ಹೋದ್ರೆ ಅದು ತೀರ್ಮಾನ ಆಗೋವರೆಗೂ ಕಾಯಬೇಕು.

ಇನ್ನೊಂದು ದುಡ್ಡು ಸರ್ಕಾರದ ನಿಧಿಯಿಂದ ಬರೋದು. ಹಳೇ ಸಿಆರ್‌ಪಿಸಿಯ 357ಎ, ಈಗಿನ ಬಿಎನ್‌ಎಸ್‌ಎಸ್‌ನ 396. ಇದಕ್ಕೂ ಆರೋಪಿ ಸಿಕ್ಕಿದ್ನಾ, ಶಿಕ್ಷೆ ಆಯ್ತಾ ಅನ್ನೋದಕ್ಕೂ ಗಂಟು ಹಾಕಿಲ್ಲ. ಮನೆಗೆ ಬೆಂಕಿ ಬಿದ್ದಾಗ ಫೈರ್ ಇಂಜಿನ್ನವರು ಬೆಂಕಿ ಹಚ್ಚಿದ್ದು ಯಾರು ಅಂತ ಗೊತ್ತಾಗ್ಲಿ, ಆಮೇಲೆ ನೀರು ಬಿಡ್ತೀವಿ ಅಂತ ಕೂರಲ್ಲ ಅಲ್ವಾ, ಹಚ್ಚಿದೋನನ್ನ ಹಿಡಿಯೋದು ಪೊಲೀಸರ ಕೆಲಸ, ಆರಿಸೋದು ಇವರ ಕೆಲಸ, ಎರಡೂ ಒಟ್ಟಿಗೇ ನಡೀಬಹುದು. 396 ಅನ್ನೋದು ಆ ಫೈರ್ ಇಂಜಿನ್ ಇದ್ದಂಗೆ. ಕೇಸು ನಡೆಯೋದು ಆರೋಪಿ ತಪ್ಪು ಮಾಡಿದ್ನಾ ಇಲ್ವಾ ಅಂತ ನೋಡೋಕೆ. ಇಲ್ಲಿ ನೋಡೋದು ನೊಂದವರಿಗೆ ಹಾನಿ ಆಗಿದ್ಯಾ, ಅವರು ಮತ್ತೆ ಎದ್ದು ನಿಲ್ಲೋಕೆ ಸಹಾಯ ಬೇಕಾ ಅನ್ನೋದನ್ನ.

ಸೆಕ್ಷನ್ನಿನ ಮೂರನೇ ಉಪವಿಭಾಗದಲ್ಲಿ ಸ್ಪಷ್ಟವಾಗಿ ಬರ್ದಿದಾರೆ: ವಿಚಾರಣೆ ಮುಗಿದ ಮೇಲೆ ಅಪರಾಧಿ ಕೊಡೋ ದುಡ್ಡು ಸಾಲದು ಅಂತ ಕೋರ್ಟಿಗೆ ಅನಿಸಿದ್ರೆ, ಅಥವಾ ಆರೋಪಿ ಖುಲಾಸೆ ಆಗಿ ಇಲ್ಲವೇ ಕೇಸಿಂದ ಬಿಡುಗಡೆ ಆಗಿ ನೊಂದವರಿಗೆ ಪುನರ್ವಸತಿ ಬೇಕಿದ್ರೆ, ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆರೋಪಿ ಖುಲಾಸೆ ಆದ ಅಂದ ಮಾತ್ರಕ್ಕೆ ಹೊಡೆತ ಬಿದ್ದೇ ಇಲ್ಲ ಅಂತ ಆಗಲ್ಲ, ಇವನೇ ಹೊಡೆದಿದ್ದು ಅಂತ ಸಾಬೀತಾಗಿಲ್ಲ ಅಂತಷ್ಟೇ ಆಗಬಹುದು. ನಾಲ್ಕನೇ ಉಪವಿಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗತ್ತೆ. ಆರೋಪಿ ಯಾರು ಅಂತ ಪತ್ತೆಯೇ ಆಗಿಲ್ಲ, ವಿಚಾರಣೆಯೇ ನಡೆದಿಲ್ಲ, ಆದ್ರೆ ನೊಂದವರು ಯಾರು ಅಂತ ಗೊತ್ತಿದೆ, ಅಂಥ ಸಂದರ್ಭದಲ್ಲಿ ನೊಂದವರೋ ಅವಲಂಬಿತರೋ ತಾವೇ ನೇರವಾಗಿ ಅರ್ಜಿ ಹಾಕಬಹುದು. ನಮ್ಮ ಸಿ ರಿಪೋರ್ಟ್ ಕೇಸು ಕೂರೋದು ಇಲ್ಲೇ. ಅವಳು ಕೇಸು ಮುಗೀತು ಅಂದ್ಕೊಂಡ ನೋಟಿಸೇ ಈ ಅರ್ಜಿಗೆ ಬೇಕಾದ ದಾಖಲೆ. (ಸಿ ರಿಪೋರ್ಟ್ ಅಂದ್ರೆ ಅಪರಾಧ ನಡೆದಿದೆ, ಮಾಡಿದವರು ಸಿಕ್ಕಿಲ್ಲ ಅಂತ. ಬಿ ರಿಪೋರ್ಟ್ ಅಂದ್ರೆ ದೂರೇ ಸುಳ್ಳು, ಅಥವಾ ಅಲ್ಲಿ ಅಪರಾಧವೇ ನಡೆದಿಲ್ಲ ಅನ್ನೋ ಥರದ್ದು. ಎರಡಕ್ಕೂ ಅಜಗಜಾಂತರ ಇದೆ, ನಿಮ್ಮ ನೋಟಿಸಲ್ಲಿ ಯಾವ ಅಕ್ಷರ ಇದೆ ಅಂತ ಸರಿಯಾಗಿ ನೋಡ್ಕೊಳ್ಳಿ. ಬಿ ಅಂತ ಇದ್ದು ನಿಮಗೆ ಒಪ್ಪಿಗೆ ಇಲ್ಲ ಅಂದ್ರೆ ಕೋರ್ಟಲ್ಲಿ ತಕರಾರು ಹಾಕೋಕೆ ಅವಕಾಶ ಇದೆ.)

ಹೊಡೆದೋನು ಒಬ್ಬ, ಸರ್ಕಾರ ಯಾಕೆ ಕೊಡಬೇಕು

ಈ ಪ್ರಶ್ನೆ ಹೊಸದಲ್ಲ, ಉತ್ತರವೂ ಹೊಸದಲ್ಲ. ಸುಮಾರು 3700 ವರ್ಷದ ಹಿಂದೆ ಬ್ಯಾಬಿಲೋನ್‌ನ ರಾಜ ಹಮ್ಮುರಬಿ ಕಲ್ಲಲ್ಲಿ ಕೆತ್ತಿಸಿದ ಕಟ್ಟಳೆಯಲ್ಲಿ ದರೋಡೆಕೋರ ಸಿಗದೇ ಹೋದ್ರೆ ಕಳ್ಕೊಂಡವನಿಗೆ ಆ ಊರು ಮತ್ತು ಊರಿನ ಅಧಿಕಾರಿ ನಷ್ಟ ತುಂಬಿಕೊಡಬೇಕು ಅಂತಿದೆ. ಜೀವ ಹೋಗಿದ್ರೆ ಮನೆಯವರಿಗೆ ಒಂದು ಮಿನಾ ಬೆಳ್ಳಿ, ಈಗಿನ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಕೆಜಿ. ಊರು ಕಾಯೋ ಜವಾಬ್ದಾರಿ ಹೊತ್ತವರು ಕಾಯೋಕೆ ಆಗದೇ ಇದ್ದಾಗ ಹೊಣೆ ಹೊರಬೇಕು ಅನ್ನೋ ಸರಳ ಲೆಕ್ಕ ಅದು.

ಆಮೇಲೆ ಆ ವಿಚಾರ ಬಹಳ ಕಾಲ ಮೂಲೆಗೆ ಸೇರ್ತು. ರಾಜ್ಯ ಅಪರಾಧಿಯನ್ನ ಹಿಡೀತು, ದಂಡ ವಸೂಲಿ ಮಾಡಿ ಖಜಾನೆಗೆ ಹಾಕ್ಕೊಳ್ತು, ಏಟು ತಿಂದವನು ಕೋರ್ಟಲ್ಲಿ ಬರೀ ಸಾಕ್ಷಿಯಾಗಿ ನಿಂತ. 1950ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಜರಿ ಫ್ರೈ ಅನ್ನೋ ಸುಧಾರಕಿ ಇದು ಸರಿಯಲ್ಲ, ನೊಂದವರಿಗೆ ಸಾರ್ವಜನಿಕ ಹಣದಿಂದ ಪರಿಹಾರ ಕೊಡಬೇಕು ಅಂತ ಬರೆದರು, ವಾದ ಮಾಡಿದರು. 1963ರಲ್ಲಿ ನ್ಯೂಜಿಲೆಂಡ್ ಇಂಥ ಕಾಯ್ದೆ ತಂತು, 1964ರಲ್ಲಿ ಬ್ರಿಟನ್ ಯೋಜನೆ ಶುರು ಮಾಡ್ತು, 1965ರಲ್ಲಿ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ. 1985ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆ ಅಪರಾಧದಿಂದ ನೊಂದವರ ಬಗ್ಗೆ ಒಂದು ಘೋಷಣೆಯನ್ನೇ ಹೊರಡಿಸ್ತು, ಅಪರಾಧಿಯಿಂದ ಪೂರ್ತಿ ಪರಿಹಾರ ಸಿಗದೇ ಇದ್ರೆ ದೇಶಗಳು ತಾವೇ ಕೊಡೋಕೆ ಪ್ರಯತ್ನ ಮಾಡಬೇಕು ಅಂತ.

ನಮ್ಮಲ್ಲಿ ಸ್ವಲ್ಪ ತಡವಾಯ್ತು. 1996ರಲ್ಲಿ ಕಾನೂನು ಆಯೋಗ ತನ್ನ 154ನೇ ವರದಿಯಲ್ಲಿ ಇದನ್ನ ಹೇಳ್ತು. 2003ರಲ್ಲಿ ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ವರದಿ ಕೊಟ್ಟ ಸಮಿತಿಯೂ ನೊಂದವರ ಪರಿಹಾರದ ಮೇಲೆ ಒತ್ತು ಕೊಡ್ತು, ಆ ಸಮಿತಿಯ ಅಧ್ಯಕ್ಷರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ವಿ.ಎಸ್. ಮಳಿಮಠ. ಕೊನೆಗೆ 2008ರ ತಿದ್ದುಪಡಿಯಲ್ಲಿ 357ಎ ಸೇರಿ, 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಪ್ರತಿ ರಾಜ್ಯವೂ ತನ್ನದೊಂದು ಯೋಜನೆ ಮಾಡಬೇಕು ಅಂತಾಯ್ತು, ಕರ್ನಾಟಕದ್ದು 'ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011'. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಾಗ ಸೆಕ್ಷನ್ ನಂಬರ್ ಬದಲಾಯ್ತು, ವಿಷಯ ಹಾಗೇ ಉಳೀತು.

ದುಡ್ಡು ಎಲ್ಲಿಂದ, ತೀರ್ಮಾನ ಯಾರದು

ರಾಜ್ಯ ಸರ್ಕಾರದ ಬಜೆಟ್ಟಿಂದ ಸಂತ್ರಸ್ತರ ಪರಿಹಾರ ನಿಧಿಗೆ ಹಣ ಬರತ್ತೆ. ಇದಕ್ಕೆ ಬೆಂಬಲವಾಗಿ ಕೇಂದ್ರ ಸರ್ಕಾರ ಮಹಿಳೆಯರ ಸುರಕ್ಷತೆಗಿರೋ ನಿರ್ಭಯಾ ನಿಧಿಯಿಂದ 200 ಕೋಟಿ ರೂಪಾಯಿ ಎತ್ತಿಟ್ಟು ರಾಜ್ಯಗಳಿಗೆ ಹಂಚಿತ್ತು.

ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡೋದು ಪೊಲೀಸರಲ್ಲ, ತಹಶೀಲ್ದಾರರೂ ಅಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಇಂಗ್ಲಿಷ್ ಅಕ್ಷರದಲ್ಲಿ ಡಿಎಲ್‌ಎಸ್‌ಎ ಅಂತಾರೆ. ಉಚಿತ ಕಾನೂನು ನೆರವು, ಲೋಕ್ ಅದಾಲತ್ ನಡೆಸೋರು ಇವರೇ. ಪ್ರತಿ ಜಿಲ್ಲೆಯಲ್ಲೂ ಇದೆ, ಸಾಮಾನ್ಯವಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಆಫೀಸು, ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು, ದಿನದ ಕೆಲಸ ನೋಡ್ಕೊಳ್ಳೋ ಸದಸ್ಯ ಕಾರ್ಯದರ್ಶಿ ಕೂಡ ನ್ಯಾಯಾಧೀಶರೇ. ಹಾಗಾಗಿ ಅಲ್ಲಿಗೆ ಹೋಗೋದು ಯಾರದೋ ಕೃಪೆ ಕೇಳೋಕೆ ಅಂತ ಸಂಕೋಚ ಬೇಡ. ಇದರ ಮೇಲೆ ರಾಜ್ಯ ಮಟ್ಟದ ಪ್ರಾಧಿಕಾರ, ಕೆಳಗೆ ತಾಲ್ಲೂಕು ಕಾನೂನು ಸೇವಾ ಸಮಿತಿ. ಎಲ್ಲಿ ಹೋಗಬೇಕು ಅಂತ ಗೊತ್ತಾಗದೇ ಇದ್ರೆ 15100ಗೆ ಫೋನ್ ಮಾಡಿ, ಅದು ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ.

ಅರ್ಜಿ ಎರಡು ಥರ ಇವರ ಹತ್ರ ಬರತ್ತೆ. ಕೋರ್ಟ್ ಶಿಫಾರಸು ಮಾಡಿ ಕಳಿಸಬಹುದು, ಇಲ್ಲಾ ನಾಲ್ಕನೇ ಉಪವಿಭಾಗದ ಹಾಗೆ ನೊಂದವರೇ ಕೊಡಬಹುದು. ಬಂದ ಮೇಲೆ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾನೂನು ಹೇಳತ್ತೆ. ವಾಸ್ತವದಲ್ಲಿ ಪೊಲೀಸ್ ವರದಿ, ಆಸ್ಪತ್ರೆ ವರದಿ ಬರೋದು ತಡ ಆಗಿ ಇದು ಎಳೀತಿರತ್ತೆ, ಆದ್ರೆ ಎರಡು ತಿಂಗಳು ಅನ್ನೋ ಮಾತು ಸೆಕ್ಷನ್ನಲ್ಲೇ ಇದೆ ಅಂತ ನಿಮಗೆ ಗೊತ್ತಿದ್ರೆ ಹೋಗಿ ಕೇಳೋಕೆ ಧೈರ್ಯ ಬರತ್ತೆ.

ಕೋರ್ಟಲ್ಲಿ ಕೇಸ್ ನಡೀತಾ ಇದ್ರೆ ಸರ್ಕಾರಿ ವಕೀಲರಿಗೆ, ಅಂದ್ರೆ ಪಿಪಿಗೆ, ಪರಿಹಾರದ ಶಿಫಾರಸು ಕೇಳಿ ಅಂತ ಹೇಳಿಡಿ. 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಕೋರ್ಟ್ ಪರಿಹಾರದ ಬಗ್ಗೆ ಯೋಚನೆ ಮಾಡ್ಲೇಬೇಕು, ಕೊಡದೇ ಇದ್ರೆ ಯಾಕೆ ಅಂತ ಕಾರಣ ಬರೀಬೇಕು ಅಂದಿದೆ. 2014ರಲ್ಲಿ ಸುರೇಶ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ ಮಧ್ಯಂತರ ಪರಿಹಾರ ಕೊಡೋ ವಿಚಾರವನ್ನೂ ಕೋರ್ಟುಗಳು ಗಮನಿಸಬೇಕು ಅಂತ ಹೇಳ್ತು.

ಎಷ್ಟು ಸಿಗತ್ತೆ

ಎಲ್ಲರೂ ಮೊದಲು ಕೇಳೋದು ಇದನ್ನೇ. ಅದರಲ್ಲಿ ತಪ್ಪೇನಿಲ್ಲ, ಆಸ್ಪತ್ರೆ ಬಿಲ್ಲು ಕಟ್ಟೋಕೆ ಸಾಲ ಮಾಡಿದವರಿಗೆ ಮೊತ್ತವೇ ಮುಖ್ಯ.

ಉತ್ತರ ಒಂದೇ ನಂಬರ್ ಅಲ್ಲ. ಯೋಜನೆಗಳಲ್ಲಿ ಪಟ್ಟಿ ಇರತ್ತೆ, ಯಾವ ಹಾನಿಗೆ ಎಷ್ಟು ಅಂತ ಮಿತಿ ಇರತ್ತೆ. ಮಹಿಳೆಯರಿಗೆ 2018ರ ಅಕ್ಟೋಬರ್ 2ರಿಂದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಬೇರೆ ಯೋಜನೆಯೇ ಬಂದಿದೆ, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಿ ರಾಜ್ಯಗಳಲ್ಲಿ ಜಾರಿ ಮಾಡಿ ಅಂತ ಹೇಳಿದ್ದು. ಅದರ ಪ್ರಕಾರ ಜೀವ ಹೋಗಿದ್ರೆ ಕನಿಷ್ಠ 5 ಲಕ್ಷ, ಗರಿಷ್ಠ 10 ಲಕ್ಷ. ಸಾಮೂಹಿಕ ಅತ್ಯಾಚಾರಕ್ಕೂ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ. ಆಸಿಡ್ ದಾಳಿಯಲ್ಲಿ ಮುಖ ವಿರೂಪ ಆಗಿದ್ರೆ 7ರಿಂದ 8 ಲಕ್ಷ. ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ಶಾಶ್ವತ ಅಂಗವೈಕಲ್ಯ ಆದ್ರೆ 2ರಿಂದ 5 ಲಕ್ಷ, ತೀವ್ರ ದೈಹಿಕ ಗಾಯ ಅಥವಾ ಪುನರ್ವಸತಿ ಬೇಕಾಗೋ ಮಾನಸಿಕ ಹಾನಿಗೆ 1ರಿಂದ 2 ಲಕ್ಷ. ಹಾನಿ ಆದವಳು ಅಪ್ರಾಪ್ತೆ ಆಗಿದ್ರೆ ಈ ಮಿತಿಗಳ ಮೇಲೆ ಶೇಕಡಾ 50 ಜಾಸ್ತಿ.

ಗಂಡಸರಿಗೆ ಮತ್ತು ಉಳಿದ ಪ್ರಕರಣಗಳಿಗೆ ರಾಜ್ಯದ ಯೋಜನೆಯ ಪಟ್ಟಿ ಅನ್ವಯ, ಅದರ ಮೊತ್ತ ಬೇರೆ, ಕಾಲಕಾಲಕ್ಕೆ ತಿದ್ದುಪಡಿ ಆಗ್ತಿರತ್ತೆ, ಹಾಗಾಗಿ ಪ್ರಾಧಿಕಾರದ ಆಫೀಸಲ್ಲೇ ಈಗಿನ ಪಟ್ಟಿ ತೋರಿಸಿ ಅಂತ ಕೇಳೋದು ಒಳ್ಳೇದು.

ಕನಿಷ್ಠ ಗರಿಷ್ಠದ ನಡುವೆ ನಿಮ್ಮ ಮೊತ್ತ ಎಲ್ಲಿ ನಿಲ್ಲತ್ತೆ ಅನ್ನೋದಕ್ಕೆ ಹಲವು ವಿಷಯ ನೋಡ್ತಾರೆ. ಅಪರಾಧ ಎಷ್ಟು ಗಂಭೀರ, ಚಿಕಿತ್ಸೆಗೆ ಎಷ್ಟು ಖರ್ಚಾಗಿದೆ ಮುಂದೆ ಎಷ್ಟಾಗತ್ತೆ, ಇದರಿಂದ ಓದು ನಿಂತ್ಹೋಯ್ತಾ, ಕೆಲಸ ಹೋಯ್ತಾ, ಒಂದು ಸಲ ನಡೆದಿದ್ದಾ ಅಥವಾ ಬಹಳ ದಿನದಿಂದ ನಡೀತಿದ್ದಿದ್ದಾ, ಆರೋಪಿಗೂ ನೊಂದವರಿಗೂ ಏನು ಸಂಬಂಧ, ಗರ್ಭ ನಿಂತಿದ್ಯಾ, ಅಂಗವೈಕಲ್ಯ ಬಂದಿದ್ಯಾ, ಮನೆಯ ಆರ್ಥಿಕ ಸ್ಥಿತಿ ಹೇಗಿದೆ, ಸತ್ತವರ ವಯಸ್ಸೇನು ದುಡಿಮೆ ಎಷ್ಟಿತ್ತು ನಂಬ್ಕೊಂಡಿದ್ದವರು ಎಷ್ಟು ಜನ. ಇದರರ್ಥ ಅರ್ಜಿಯಲ್ಲಿ "ನನಗೆ ಅನ್ಯಾಯ ಆಗಿದೆ, ಪರಿಹಾರ ಕೊಡಿ" ಅಂತ ಎರಡು ಸಾಲು ಬರೆದು ಕೊಟ್ರೆ ಸಾಲದು. ಎಷ್ಟು ದಿನ ಕೆಲಸಕ್ಕೆ ಹೋಗಿಲ್ಲ, ದಿನಕ್ಕೆ ಎಷ್ಟು ಕೂಲಿ ಬರ್ತಿತ್ತು, ಆಸ್ಪತ್ರೆಗೆ ಓಡಾಡೋಕೆ ಆಟೋಗೆ ಎಷ್ಟಾಯ್ತು, ಮಗನ ಸ್ಕೂಲ್ ಫೀಸ್ ಬಾಕಿ ಎಷ್ಟು, ಇದನ್ನೆಲ್ಲ ಬರೀಬೇಕು. ನಾನು ಆ ವೆಲ್ಡರ್ ಅರ್ಜಿಯಲ್ಲಿ ಬೆರಳು ಮಡಚಲ್ಲ ಅಂತಷ್ಟೇ ಬರೆಯದೆ, ಹೋಲ್ಡರ್ ಹಿಡಿಯೋಕೆ ಆಗಲ್ಲ, ಹೆಲ್ಪರ್ ಕೆಲಸಕ್ಕೆ ಇಳಿದಿದಾನೆ, ಮೊದಲಿನ ಕೂಲಿಗೂ ಈಗಿನ ಕೂಲಿಗೂ ಇಷ್ಟು ವ್ಯತ್ಯಾಸ ಅಂತ ಬರೆಸಿದೆ.

ದುಡ್ಡು ಕೈಗೆ ಹೇಗೆ ಬರತ್ತೆ ಅನ್ನೋದೂ ಗೊತ್ತಿರಲಿ, ಇಲ್ಲಾಂದ್ರೆ ಆಮೇಲೆ ಗಾಬರಿ ಆಗತ್ತೆ. ಮಹಿಳೆಯರ ಯೋಜನೆಯಲ್ಲಿ ಮಂಜೂರಾದ ಮೊತ್ತದಲ್ಲಿ ಶೇಕಡಾ 75ನ್ನ ಕನಿಷ್ಠ ಮೂರು ವರ್ಷಕ್ಕೆ ಫಿಕ್ಸೆಡ್ ಡೆಪಾಸಿಟ್ ಇಡ್ತಾರೆ, ಶೇಕಡಾ 25 ತಕ್ಷಣದ ಖರ್ಚಿಗೆ. ನೊಂದಿದ್ದು ಮಗು ಆಗಿದ್ರೆ ಶೇಕಡಾ 80 ಡೆಪಾಸಿಟ್ಟು, ವಯಸ್ಸಿಗೆ ಬಂದ ಮೇಲೆ, ಅದೂ ಮೂರು ವರ್ಷ ಕಳೆದ ಮೇಲೆ ತೆಗೆಯೋದು. ಓದಿಗೆ, ಚಿಕಿತ್ಸೆಗೆ ತುರ್ತಾಗಿ ಬೇಕಿದ್ರೆ ಪ್ರಾಧಿಕಾರದ ಅನುಮತಿ ತಗೊಂಡು ಮೊದಲೇ ಬಿಡಿಸಬಹುದು. ದುಡ್ಡು ಕಂಡ ತಕ್ಷಣ ಮನೆಗೆ ಬಂದು ಕೂರೋ ನೆಂಟರಿಂದ, ಸಾಲಗಾರರಿಂದ ಈ ಹಣ ಉಳಿಸೋಕೆ ಇದು ಒಂದು ದಾರಿ ಅಂತ ನನಗನ್ಸತ್ತೆ.

ಮೊದಲ ದಿನವೇ ಸಿಗಬೇಕಾದ್ದು

ಪರಿಹಾರ ಅಂದ ಕೂಡ್ಲೇ ತಿಂಗಳುಗಟ್ಟಲೆ ಆದ್ಮೇಲೆ ಬರೋ ದುಡ್ಡು ಅಂತ ನೆನಪಾಗತ್ತೆ, ಆದ್ರೆ ಕಾನೂನಲ್ಲಿ ತಕ್ಷಣದ ನೆರವೂ ಇದೆ. ಠಾಣಾಧಿಕಾರಿ ದರ್ಜೆಗೆ ಕಮ್ಮಿ ಇಲ್ಲದ ಪೊಲೀಸ್ ಅಧಿಕಾರಿ ಅಥವಾ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಪ್ರಮಾಣಪತ್ರ ಕೊಟ್ರೆ ಪ್ರಾಧಿಕಾರ ಉಚಿತ ಪ್ರಥಮ ಚಿಕಿತ್ಸೆ, ವೈದ್ಯಕೀಯ ಸೌಲಭ್ಯ ಅಥವಾ ಬೇರೆ ಮಧ್ಯಂತರ ಪರಿಹಾರಕ್ಕೆ ಆದೇಶ ಮಾಡಬಹುದು.

ಆಸಿಡ್ ದಾಳಿ ಮತ್ತು ಅತ್ಯಾಚಾರದ ಸಂತ್ರಸ್ತರಿಗೆ ಇದಕ್ಕೂ ಗಟ್ಟಿಯಾದ ಹಕ್ಕಿದೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲಾ ಆಸ್ಪತ್ರೆಗಳೂ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು, ಪೊಲೀಸರಿಗೂ ತಿಳಿಸಬೇಕು. ಇದು ಬಿಎನ್‌ಎಸ್‌ಎಸ್‌ನ ಸೆಕ್ಷನ್ 397. ಕೊಡದೇ ವಾಪಸ್ ಕಳಿಸಿದ್ರೆ ಆಸ್ಪತ್ರೆಯ ಉಸ್ತುವಾರಿ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. "ಮೊದಲು ಅಡ್ವಾನ್ಸ್ ಕಟ್ಟಿ", "ಮೊದಲು ಎಫ್‌ಐಆರ್ ತನ್ನಿ" ಅಂತ ಕೌಂಟರಲ್ಲಿ ಯಾರಾದ್ರೂ ಅಂದ್ರೆ ಈ 397 ಅನ್ನೋ ನಂಬರ್ ಬಾಯಲ್ಲಿರಲಿ.

ಆಸಿಡ್ ದಾಳಿಯ ವಿಚಾರದಲ್ಲಿ ಲಕ್ಷ್ಮಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ 3 ಲಕ್ಷ ಕೊಡಬೇಕು, ಅದರಲ್ಲಿ 1 ಲಕ್ಷ ವಿಷಯ ಸರ್ಕಾರದ ಗಮನಕ್ಕೆ ಬಂದ 15 ದಿನದೊಳಗೆ, ಉಳಿದ 2 ಲಕ್ಷ ಆಮೇಲಿನ ಎರಡು ತಿಂಗಳೊಳಗೆ ಅಂತ ಹೇಳ್ತು. ಈ 3 ಲಕ್ಷವನ್ನೇ ಕೆಲವರು ಗರಿಷ್ಠ ಅಂದ್ಕೊಂಡ್ಬಿಟ್ಟಿದ್ರು. 2015ರಲ್ಲಿ ಪರಿವರ್ತನ್ ಕೇಂದ್ರ ಪ್ರಕರಣದಲ್ಲಿ ಇದು ಕನಿಷ್ಠ ಅಷ್ಟೇ, ಇದಕ್ಕಿಂತ ಜಾಸ್ತಿ ಕೊಡೋಕೆ ಯಾವ ಅಡ್ಡಿಯೂ ಇಲ್ಲ ಅಂತ ಕೋರ್ಟ್ ಬಿಡಿಸಿ ಹೇಳ್ಬೇಕಾಯ್ತು.

ಅರ್ಜಿ ಜೊತೆ ಏನೇನು ಬೇಕು

ಎಫ್‌ಐಆರ್ ಪ್ರತಿ ಮುಖ್ಯ. ದೂರು ಕೊಟ್ಟವರಿಗೆ ಅದನ್ನ ಉಚಿತವಾಗಿ ಕೊಡಬೇಕು ಅಂತ ಕಾನೂನಿದೆ, ಕೊಟ್ಟಿಲ್ಲ ಅಂದ್ರೆ ಕೇಳಿ ತಗೊಳ್ಳಿ. ಗಾಯ ಆಗಿದ್ರೆ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು. ಅಂಗವೈಕಲ್ಯ ಆಗಿದ್ರೆ ಅದರ ಪ್ರಮಾಣಪತ್ರ. ಸಾವಾಗಿದ್ರೆ ಪೋಸ್ಟ್‌ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ಜೊತೆಗೆ ಅವಲಂಬಿತರು ಅಂತ ತೋರಿಸೋಕೆ ನಾಡಕಚೇರಿಯಿಂದ ವಂಶವೃಕ್ಷ. ಕೇಸ್ ತೀರ್ಪಾಗಿದ್ರೆ ತೀರ್ಪಿನ ಪ್ರತಿ, ಆರೋಪಿ ಸಿಗದೇ ಇದ್ರೆ ಆ ಸಿ ರಿಪೋರ್ಟ್ ನೋಟಿಸು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಇದ್ದಿದ್ದೇ. ಮೆಡಿಕಲ್ ಬಿಲ್ಲು ಥರ್ಮಲ್ ಪೇಪರಲ್ಲಿ ಇದ್ರೆ ಬಂದ ದಿನವೇ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ, ಆರು ತಿಂಗಳಾದ್ರೆ ಅದು ಬರೀ ಬಿಳೀ ಚೀಟಿ, ಆ ಹೆಣ್ಮಗಳ ಕವರಲ್ಲಿ ಎಂಟೋ ಒಂಬತ್ತೋ ಬಿಲ್ಲು ಹಾಗೇ ಹೋಗಿತ್ತು, ಅಂಗಡಿಗೆ ಹೋಗಿ ಕಂಪ್ಯೂಟರಿಂದ ಮತ್ತೆ ಪ್ರಿಂಟ್ ತೆಗೆಸ್ಬೇಕಾಯ್ತು.

ಎಲ್ಲಾ ಕಾಗದ ಸಿಗೋವರೆಗೂ ಕಾಯ್ತಾ ಕೂರಬೇಡಿ. ಇರೋದನ್ನ ಇಟ್ಟು ಅರ್ಜಿ ಕೊಟ್ಟುಬಿಡಿ, ಉಳಿದಿದ್ದು ಆಮೇಲೆ ಸೇರಿಸಬಹುದು. ಯಾಕಂದ್ರೆ ಗಡುವು ಅನ್ನೋದೊಂದಿದೆ. ಮಹಿಳೆಯರ ಯೋಜನೆಯಲ್ಲಿ ಘಟನೆ ನಡೆದ ದಿನದಿಂದ ಅಥವಾ ಎಫ್‌ಐಆರ್ ದಿನದಿಂದ ಮೂರು ವರ್ಷ. ಸರಿಯಾದ ಕಾರಣ ಇದ್ರೆ ತಡ ಆಗಿದ್ದನ್ನ ಮನ್ನಿಸೋ ಅಧಿಕಾರ ಇದೆ, ಆದ್ರೂ ಅದನ್ನ ನಂಬ್ಕೊಂಡು ಕೂರೋದು ಬೇಡ.

ಅರ್ಜಿ ಬರೆಯೋಕೆ ವಕೀಲರಿಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗತ್ತೆ, ಉಳಿದವರಿಗೆ ಆದಾಯದ ಮಿತಿ ಇದೆ. ಪ್ರಾಧಿಕಾರದಲ್ಲೇ ಪ್ಯಾನೆಲ್ ವಕೀಲರು, ಅರೆಕಾಲಿಕ ಕಾನೂನು ಸ್ವಯಂಸೇವಕರು ಇರ್ತಾರೆ, ಅರ್ಜಿ ತುಂಬಿಸಿ ಕೊಡ್ತಾರೆ. ಕೊಟ್ಟ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಂಡ ಒಂದು ಪ್ರತಿ ನಿಮ್ಮ ಹತ್ರ ಇರಲೇಬೇಕು.

ಜನ ಹೆದರೋ ಕೆಲವು ವಿಷಯ

"ದುಡ್ಡು ತಗೊಂಡ್ರೆ ರಾಜಿ ಆದಂಗೆ ಅಲ್ವಾ?" ಅಲ್ಲ. ಈ ದುಡ್ಡು ಆರೋಪಿ ಕಡೆಯಿಂದ ಬರೋದಲ್ಲ, ಸರ್ಕಾರದ್ದು. ಕೇಸು ಅದರ ಪಾಡಿಗೆ ನಡೀತಾನೇ ಇರತ್ತೆ, ನೀವು ಸಾಕ್ಷಿ ಹೇಳಲೇಬೇಕು, ಹೇಳೋಕೆ ಹಕ್ಕೂ ಇದೆ. ಆರೋಪಿ ಕಡೆಯವರು ಕವರಲ್ಲಿ ದುಡ್ಡು ತಂದು ಕೇಸ್ ಬಿಟ್ಬಿಡಿ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ತದ್ವಿರುದ್ಧವಾಗಿ, ಪೊಲೀಸರಿಗೆ, ಕೋರ್ಟಿಗೆ ಸಹಕಾರ ಕೊಡದೇ ಇದ್ರೆ ಈ ಪರಿಹಾರಕ್ಕೇ ತೊಂದರೆ ಆಗಬಹುದು.

"ಆಮೇಲೆ ಕೋರ್ಟ್ ಆರೋಪಿಯಿಂದಲೂ ದುಡ್ಡು ಕೊಡಿಸಿದ್ರೆ?" ಅರ್ಜಿಯಲ್ಲಿ ಬೇರೆ ಕಡೆಯಿಂದ ಏನಾದ್ರೂ ಪರಿಹಾರ ಬಂದಿದ್ರೆ ಹೇಳಬೇಕು, ಒಂದೇ ನಷ್ಟಕ್ಕೆ ಎರಡು ಸಲ ಪೂರ್ತಿ ಸಿಗದ ಹಾಗೆ ಲೆಕ್ಕ ಹೊಂದಿಸ್ತಾರೆ. ಸಿಕ್ಕಿದ್ದನ್ನ ಮುಚ್ಚಿಡಬೇಡಿ, ಅದರಿಂದ ಅರ್ಜಿಯೇ ಕೆಡತ್ತೆ. ಆದ್ರೆ ಅತ್ಯಾಚಾರ, ಆಸಿಡ್ ದಾಳಿಯ ಕೆಲವು ಸೆಕ್ಷನ್‌ಗಳಲ್ಲಿ ಅಪರಾಧಿ ಕಟ್ಟೋ ದಂಡ ನೊಂದವರಿಗೇ ಸೇರತ್ತೆ, ಅದು ಬೇರೆ, ಸರ್ಕಾರದ ಪರಿಹಾರ ಬೇರೆ, ಎರಡೂ ಸಿಗತ್ತೆ ಅಂತ ಕಾನೂನೇ ಹೇಳಿದೆ.

"ಅರ್ಜಿ ತಿರಸ್ಕಾರ ಆಯ್ತು, ಅಥವಾ ಬಹಳ ಕಮ್ಮಿ ಕೊಟ್ರು." ಮಹಿಳೆಯರ ಯೋಜನೆಯಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೈಕೋರ್ಟಿನ ಬಾಗಿಲೂ ಮುಚ್ಚಿಲ್ಲ.

ಈ ಯೋಜನೆಗೆ ಬರದ, ಬೇರೆ ದಾರಿ ಇರೋ ಪ್ರಕರಣಗಳು

ಎಲ್ಲಾ ಅಪರಾಧಕ್ಕೂ ಇದೇ ಬಾಗಿಲಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಅಂದ್ರೆ ಪೋಕ್ಸೋ ಕೇಸಲ್ಲಿ ವಿಶೇಷ ನ್ಯಾಯಾಲಯವೇ ಪರಿಹಾರದ ಆದೇಶ ಮಾಡತ್ತೆ, ಎಫ್‌ಐಆರ್ ಆದ್ಮೇಲೆ ಯಾವ ಹಂತದಲ್ಲಾದ್ರೂ ಮಧ್ಯಂತರ ಪರಿಹಾರ ಕೊಡಬಹುದು, ಅರ್ಜಿ ಇಲ್ಲದೇ ತಾನಾಗಿಯೇ ಕೊಡೋಕೂ ಅಧಿಕಾರ ಇದೆ. 2020ರ ಪೋಕ್ಸೋ ನಿಯಮದ ಪ್ರಕಾರ ಆದೇಶ ತಲುಪಿದ 30 ದಿನದೊಳಗೆ ರಾಜ್ಯ ಸರ್ಕಾರ ದುಡ್ಡು ಕೊಡಬೇಕು. ಗಂಡು ಮಗು ಹೆಣ್ಣು ಮಗು ಅಂತ ಭೇದ ಇಲ್ಲ.

ಪರಿಶಿಷ್ಟ ಜಾತಿ ಪಂಗಡದವರ ಮೇಲೆ ದೌರ್ಜನ್ಯ ನಡೆದು ದೌರ್ಜನ್ಯ ತಡೆ ಕಾಯ್ದೆಯಡಿ ಕೇಸ್ ಆಗಿದ್ರೆ ಬೇರೆಯದೇ ಪಟ್ಟಿ ಇದೆ, 2016ರ ತಿದ್ದುಪಡಿ ಪ್ರಕಾರ 85 ಸಾವಿರದಿಂದ 8.25 ಲಕ್ಷದವರೆಗೆ. ಅದನ್ನ ಜಿಲ್ಲಾಡಳಿತ ಹಂತ ಹಂತವಾಗಿ ಕೊಡತ್ತೆ, ಎಫ್‌ಐಆರ್ ಆದಾಗ ಸ್ವಲ್ಪ, ಚಾರ್ಜ್‌ಶೀಟ್ ಆದಾಗ ಸ್ವಲ್ಪ, ಹೀಗೆ. ಕೇಳ್ಬೇಕಾದ್ದು ಸಮಾಜ ಕಲ್ಯಾಣ ಇಲಾಖೆಯಲ್ಲಿ.

ಗಾಡಿ ಗುದ್ದಿ ನಿಲ್ಲಿಸದೇ ಹೋದ್ರೆ, ಯಾವ ಗಾಡಿ ಅಂತ ಗೊತ್ತೇ ಆಗದೇ ಇದ್ರೆ, ಅದಕ್ಕೆ ಮೋಟಾರು ವಾಹನ ಕಾಯ್ದೆಯಡಿ ಪ್ರತ್ಯೇಕ ಯೋಜನೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದಕ್ಕೂ ಮೊದಲು ಸಾವಿಗೆ ಬರೀ 25 ಸಾವಿರ ಇತ್ತು. ಗಾಡಿ ಗೊತ್ತಿದ್ರೆ ಎಂದಿನಂತೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು.

ಕಳ್ಳತನದಲ್ಲಿ ಹೋದ ಚಿನ್ನ, ಆನ್‌ಲೈನ್ ಮೋಸದಲ್ಲಿ ಹೋದ ದುಡ್ಡು ಇಂಥದ್ದಕ್ಕೆ ಈ ಯೋಜನೆ ನೆರವಾಗಲ್ಲ, ಇದು ಹೆಚ್ಚಾಗಿ ದೇಹಕ್ಕೆ, ಮನಸ್ಸಿಗೆ, ಜೀವಕ್ಕೆ ಆದ ಹಾನಿಗೆ ಇರೋದು. ಕಳುವಾದ ಮಾಲು ಪೊಲೀಸರಿಗೆ ಸಿಕ್ಕಿದ್ರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೋಬೇಕು. ಆನ್‌ಲೈನ್ ಮೋಸ ಆದ್ರೆ ತಕ್ಷಣ 1930ಗೆ ಫೋನು, ದುಡ್ಡು ಇನ್ನೊಂದು ಖಾತೆಗೆ ಹಾರೋ ಮೊದಲು ತಡೆಹಿಡಿಯೋ ಸಾಧ್ಯತೆ ಇರೋದು ಅಲ್ಲಿ ಮಾತ್ರ.

ಆ ಹೆಣ್ಮಗಳ ಅರ್ಜಿ ಕೊಟ್ಟು ಮೂರು ವಾರ ಆಯ್ತು. ಕೌಂಟರಲ್ಲಿದ್ದವರು ಸಿ ರಿಪೋರ್ಟ್ ನೋಟಿಸ್ ನೋಡಿ "ಇದನ್ನ ತಂದಿದ್ದು ಒಳ್ಳೇದಾಯ್ತಮ್ಮ" ಅಂದ್ರಂತೆ. ಠಾಣೆಯಿಂದ ವರದಿ ತರಿಸ್ಕೊಳ್ಳೋಕೆ ಪತ್ರ ಹೋಗಿದೆ, ಗಂಡನನ್ನ ಕರೆಸಿ ಕೈ ನೋಡಿದಾರೆ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ ಬನ್ನಿ ಅಂದಿದಾರೆ, ಅದಕ್ಕೆ ಬರೋ ಬುಧವಾರ ಹೋಗ್ತಿದಾರೆ.